ನಾಲ್ಕು ದಿನದ ಮಸಾಜ್ ಕೋರ್ಸ್‌ಗೆ 25,960 ರೂಪಾಯಿ ಕೊಟ್ಟು ಬಂದವಳು ಬರೆಯುತ್ತಿದ್ದೇನೆ, ದಯವಿಟ್ಟು ಓದಿ

ಸಾಗರದಲ್ಲಿ ಹೊಸ ಬ್ಯಾಚ್ ಶುರು ಮಾಡುತ್ತಿದ್ದಾರಂತೆ. ಅದೇ ಪಾಂಪ್ಲೆಟ್, ಅದೇ ಹಸಿರು ಎಲೆ, ಅದೇ ಕಲ್ಲು ಪೇರಿಸಿದ ಚಿತ್ರ. ನಿನ್ನೆ ನಾದಿನಿ ಅದರ ಫೋಟೋ ಕಳಿಸಿ, "ಅತ್ತಿಗೆ, ನೀವು ಹೋಗಿದ್ದು ಇದಕ್ಕೇ ಅಲ್ವಾ, ನಾನೂ ಸೇರಲಾ?" ಎಂದು ಕೇಳಿದಳು. ಇಷ್ಟು ದಿನ ಮರ್ಯಾದೆಗೆ ಹೆದರಿ ಬಾಯಿ ಮುಚ್ಚಿಕೊಂಡಿದ್ದೆ. ಇನ್ನೂ ಸುಮ್ಮನಿದ್ದರೆ ಅವಳ ದುಡ್ಡೂ ಹೋಗುತ್ತದೆ.

ನಾನು ಶಿವಮೊಗ್ಗದಲ್ಲಿ ಒಂಬತ್ತು ವರ್ಷದಿಂದ ಬಾಣಂತಿಯರಿಗೆ, ಕೂಸುಗಳಿಗೆ ಎಣ್ಣೆ ಹಚ್ಚಿ ನೀರು ಹಾಕುವ ಕೆಲಸ ಮಾಡುತ್ತೇನೆ. ವಿನೋಬನಗರ, ಗೋಪಾಳದ ಕಡೆ ಮನೆ ಮನೆಗೆ ಹೋಗುತ್ತೇನೆ. ಕಲಿಸಿದ್ದು ತೀರ್ಥಹಳ್ಳಿ ಕಡೆಯ ಚಿಕ್ಕಮ್ಮ. ರೆಸಾರ್ಟ್‌ಗಳಲ್ಲಿ ಮಸಾಜ್‌ಗೆ ಜನ ಬೇಕು, ಸಂಬಳ ಚೆನ್ನಾಗಿದೆ, ಆದರೆ ಸರ್ಟಿಫಿಕೇಟ್ ಕೇಳುತ್ತಾರೆ ಅಂತ ಯಾರೋ ಹೇಳಿದರು. ಆಗಲೇ ಈ ಪಾಂಪ್ಲೆಟ್ ಕಣ್ಣಿಗೆ ಬಿತ್ತು. ಹತ್ತು ದಿನದ ಕೋರ್ಸ್, "ಸರ್ಕಾರಿ ಮಾನ್ಯತೆಯ ಇಂಟರ್‌ನ್ಯಾಷನಲ್ ಸರ್ಟಿಫಿಕೇಟ್", "100% ಕೆಲಸ". ಸರ್ಕಾರದ್ದಾ ಇಂಟರ್‌ನ್ಯಾಷನಲ್ಲಾ, ಯಾವುದಾದರೂ ಒಂದು ಹೇಳಿ ಅಂತ ಕೇಳಬೇಕಿತ್ತು. ಕೇಳಲಿಲ್ಲ.

ಫೀಸು 22,000. ಸಂಘದಲ್ಲಿ 15,000 ಸಾಲ ತೆಗೆದೆ, ಉಳಿದದ್ದು ಮಗಳ ಫೀಸಿಗೆ ಅಂತ ಎತ್ತಿಟ್ಟಿದ್ದು. ದುಡ್ಡು ಹಾಕಿಸಿಕೊಂಡಿದ್ದು ಸಂಸ್ಥೆಯ ಖಾತೆಗಲ್ಲ, ಯಾರೋ ಒಬ್ಬರ ಫೋನ್‌ಪೇ ನಂಬರಿಗೆ. ಎರಡನೇ ದಿನ ಬೆಳಿಗ್ಗೆ "ಮೇಡಂ, ಜಿಎಸ್‌ಟಿ 18% ಬಾಕಿ ಇದೆ" ಎಂದು ಇನ್ನೂ 3,960 ಕೀಳಿದರು. ರಸೀದಿ ಕೇಳಿದರೆ ಒಂದು ಹಳದಿ ಚೀಟಿ. ಅದರಲ್ಲಿ ಜಿಎಸ್‌ಟಿ ನಂಬರೇ ಇಲ್ಲ. ನಂಬರ್ ಇಲ್ಲದವರು ಆ ತೆರಿಗೆ ವಸೂಲಿ ಮಾಡುವ ಹಾಗೇ ಇಲ್ಲ, ಕರ್ನಾಟಕದ ನಂಬರ್ ಆದರೆ 29ರಿಂದ ಶುರುವಾಗುತ್ತದೆ, ಒಟ್ಟು 15 ಅಕ್ಷರ-ಅಂಕಿ ಇರುತ್ತದೆ ಅಂತ ಪಕ್ಕದ ಮನೆಯ ಅಂಗಡಿ ಅಣ್ಣ ಹೇಳಿದ್ದು ಎಲ್ಲ ಮುಗಿದ ಮೇಲೆ.

ಹತ್ತು ದಿನ ಅಂದಿದ್ದು ನಾಲ್ಕೇ ದಿನಕ್ಕೆ ಮುಗಿಯಿತು. ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಲಾಡ್ಜ್‌ನ ಹಾಲ್. ಹತ್ತೊಂಬತ್ತು ಜನ ಹೆಂಗಸರು, ಮಸಾಜ್ ಟೇಬಲ್ ಒಂದು. ನನ್ನ ಕೈಗೆ ಟೇಬಲ್ ಸಿಕ್ಕಿದ್ದು ನಾಲ್ಕೂ ದಿನ ಸೇರಿ ಇಪ್ಪತ್ತು ನಿಮಿಷ ಇರಬಹುದು. ಉಳಿದ ಹೊತ್ತೆಲ್ಲ ಮೊಬೈಲ್ ವೀಡಿಯೊ. ನಾನು ಕಲಿಯಬೇಕು ಅಂದುಕೊಂಡು ಹೋಗಿದ್ದು ಬೇರೆ. ಹೊಸ ಗಿರಾಕಿ ಬಂದರೆ ಏನೇನು ಕೇಳಬೇಕು, ಮೈಮೇಲೆ ಬಟ್ಟೆ ಹೊದಿಸಿ ಬೇಕಾದಷ್ಟು ಮಾತ್ರ ಸರಿಸುವುದು ಹೇಗೆ, ಇಂಥದ್ದು. ಬಿಪಿ, ಶುಗರ್, ಆಪರೇಷನ್, ಬಸಿರು ಇದನ್ನೆಲ್ಲ ಮೊದಲೇ ಕೇಳಬೇಕಲ್ವಾ ಸಾರ್ ಅಂದಿದ್ದಕ್ಕೆ, "ಜಾಸ್ತಿ ಪ್ರಶ್ನೆ ಕೇಳಿದ್ರೆ ಕಸ್ಟಮರ್ ಓಡಿಹೋಗ್ತಾರೆ" ಅಂದರು. ಶುಗರ್ ಇದ್ದವರ ಪಾದಕ್ಕೆ ಬಿಸಿ ಗೊತ್ತೇ ಆಗದೆ ಎಣ್ಣೆಯಲ್ಲಿ ಸುಟ್ಟುಹೋಗಬಹುದು. ನಮ್ಮ ಚಿಕ್ಕಮ್ಮ ಶಾಲೆಗೆ ಹೋದವಳಲ್ಲ, ಆದರೂ ಮೊದಲು ತನ್ನ ಮುಂಗೈಗೆ ಎಣ್ಣೆ ಬಿಟ್ಟುಕೊಂಡು ನೋಡದೆ ಯಾರ ಮೈಗೂ ಹಚ್ಚಿದವಳಲ್ಲ.

ಮೂರನೇ ದಿನ ಆಗಿದ್ದು ಇನ್ನೂ ನಿದ್ದೆಗೆಡಿಸುತ್ತದೆ. ಪ್ರಾಕ್ಟೀಸ್‌ಗೆ ಟೇಬಲ್ ಮೇಲೆ ಮಲಗಿದವರಿಗೆ ಮೂರು ವಾರದ ಹಿಂದೆ ಗರ್ಭಕೋಶದ ಆಪರೇಷನ್ ಆಗಿತ್ತು. ಎಡಗಾಲಿನ ಮೀನಖಂಡ ಊದಿಕೊಂಡಿತ್ತು, ಮುಟ್ಟಿದರೆ ಬಿಸಿ. ಬಲಗಾಲು ಸರಿ ಇತ್ತು. ಸಾರ್ "ಊತ ಇಳೀಬೇಕು ಅಂದ್ರೆ ಹೆಬ್ಬೆರಳಲ್ಲಿ ಗಟ್ಟಿಯಾಗಿ ಒತ್ತಿ" ಅಂದರು. ಆಪರೇಷನ್ ಆದವರಿಗೆ ಹೀಗೆ ಒಂದೇ ಕಾಲು ಊದಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ತಿಕ್ಕಿದರೆ ಅದು ಕಿತ್ತು ಶ್ವಾಸಕೋಶಕ್ಕೆ ಹೋಗಬಹುದು ಅಂತ ಬಾಣಂತನಕ್ಕೆ ಹೋದ ಮನೆಯಲ್ಲೇ ಒಬ್ಬರು ನರ್ಸ್ ನನಗೆ ಹೇಳಿದ್ದರು. ಬೇಡ ಸಾರ್, ಡಾಕ್ಟರಿಗೆ ತೋರಿಸಲಿ ಎಂದೆ. ಅವರು ಎಲ್ಲರ ಕಡೆ ತಿರುಗಿ, "ಮೇಡಂ ಕಲಿಯೋಕೆ ಬಂದಿದ್ದಾರಾ, ಕಲಿಸೋಕೆ ಬಂದಿದ್ದಾರಾ?" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಯಾಕೆ ನಕ್ಕೆನೋ ಇವತ್ತಿಗೂ ಗೊತ್ತಿಲ್ಲ. ಪುಣ್ಯಕ್ಕೆ ಆಕೆಯೇ ನೋವು ತಾಳದೆ ಕಾಲು ಎಳೆದುಕೊಂಡರು, ಊಟದ ಹೊತ್ತಿಗೆ ನಾನೇ ಆಟೋ ಹತ್ತಿಸಿ ಮೆಗ್ಗಾನ್ ಆಸ್ಪತ್ರೆಗೆ ಕಳಿಸಿದೆ. ಅಲ್ಲಿಗೇ ನಾನೂ ಚೀಲ ಎತ್ತಿಕೊಂಡು ಮನೆಗೆ ಬರಬೇಕಿತ್ತು. ಬರಲಿಲ್ಲ, ಸರ್ಟಿಫಿಕೇಟ್ ಆಸೆ.

ಸರ್ಟಿಫಿಕೇಟ್ ಬಂತು. ಚಿನ್ನದ ಬಣ್ಣದ ಅಂಚು, ಮೂಲೆಯಲ್ಲಿ ಕ್ಯೂಆರ್ ಕೋಡ್. ಲ್ಯಾಮಿನೇಷನ್ ಮಾಡಿಸಿ, ಗೊತ್ತಿರುವವರಿಗೆಲ್ಲ ತೋರಿಸಿ, ಇಸ್ತ್ರಿ ಸೀರೆ ಉಟ್ಟು, ತೀರ್ಥಹಳ್ಳಿ ದಾಟಿ ಒಂದು ರೆಸಾರ್ಟ್‌ಗೆ ಹೋದೆ. ಮ್ಯಾನೇಜರ್ ಚಿಕ್ಕ ಹುಡುಗ. ಮೊಬೈಲ್ ತೆಗೆದು ಕ್ಯೂಆರ್ ಸ್ಕ್ಯಾನ್ ಮಾಡಿದ. ಸಂಸ್ಥೆ ಇಲ್ಲ, ನನ್ನ ಹೆಸರಿಲ್ಲ, ನಂಬರಿಲ್ಲ. ಒಂದು ವಾಟ್ಸಾಪ್ ಚಾಟ್ ತೆರೆದುಕೊಂಡಿತು. "ನಮಸ್ಕಾರ, ನನಗೆ ಮಸಾಜ್ ಕೋರ್ಸ್ ಬಗ್ಗೆ ಮಾಹಿತಿ ಬೇಕು" ಅಂತ ಮೊದಲೇ ಟೈಪ್ ಆಗಿತ್ತು. ಆ ಹುಡುಗ ನಗಲಿಲ್ಲ. ನಕ್ಕಿದ್ದರೆ ನಾನು ಜಗಳವಾಡಿ ಬರುತ್ತಿದ್ದೆ. ಫೋನ್ ಬೋರಲು ಇಟ್ಟು, "ಅಕ್ಕ, ದೂರದಿಂದ ಬಂದಿದ್ದೀರಿ, ಕಾಫಿ ಕುಡೀರಿ" ಅಂದ. ಆ ಕಾಫಿ ಗಂಟಲಲ್ಲಿ ಇಳಿಯಲಿಲ್ಲ.

ವಾಪಸ್ ಬರುವ ಬಸ್ಸಿನಲ್ಲೇ ಫೋನ್ ಮಾಡಿದೆ. "ಸರ್ಟಿಫಿಕೇಟ್ ಪಕ್ಕಾ ಇದೆ ಮೇಡಂ, ಆ ರೆಸಾರ್ಟ್‌ನವ್ರಿಗೆ ನಾಲೆಡ್ಜ್ ಇಲ್ಲ." ಕೆಲಸ ಕೊಡಿಸುತ್ತೇವೆ ಅಂದಿದ್ದಿರಲ್ಲ? "ಕೊಡಿಸ್ತೀವಿ ಅಂದಿಲ್ಲ, ಗೈಡ್ ಮಾಡ್ತೀವಿ ಅಂದಿದ್ದು." ದುಡ್ಡು ವಾಪಸ್ ಕೊಡಿ. "ನೀವು ಕಿಟ್ ತಗೊಂಡಿದ್ದೀರಲ್ಲ." ಮರುದಿನ ಮೆಸೇಜ್: "ಅಡ್ವಾನ್ಸ್ ಕೋರ್ಸ್ ಸೇರಿದ್ರೆ ನಿಮಗೆ 30% ಡಿಸ್ಕೌಂಟ್, ಪಾಸಿಟಿವ್ ಆಗಿರಿ ಮೇಡಂ." ಜೊತೆಗೆ ಕೈಮುಗಿದ ಚಿತ್ರ. ಪಾಸಿಟಿವ್ ಅಂತೆ! ಆಮೇಲೆ ಬ್ಲಾಕ್. ನಮ್ಮನೆಯವರ ಫೋನಿಂದ ಮಾಡಿದರೆ ಮೊದಲ ರಿಂಗಿಗೇ ಎತ್ತಿ, "ಹೊಸ ಬ್ಯಾಚ್‌ಗಾ ಸಾರ್?" ಅಂದರು.

ಹೋಗುವವರಿದ್ದರೆ ದುಡ್ಡು ಕೊಡುವ ಮೊದಲು ಇದು ಎನ್‌ಸಿವಿಇಟಿ (ವೃತ್ತಿ ತರಬೇತಿಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಮಂಡಳಿ) ಒಪ್ಪಿದ ಕೋರ್ಸಾ ಅಂತ ಕೇಳಿ, ಹೌದು ಅಂದರೆ ಬರವಣಿಗೆಯಲ್ಲಿ ತೋರಿಸಲಿ. ಹಳೇ ಬ್ಯಾಚಿನವರ ಸರ್ಟಿಫಿಕೇಟ್ ಇಸಕೊಂಡು ಆ ಕ್ಯೂಆರ್ ನೀವೇ ಸ್ಕ್ಯಾನ್ ಮಾಡಿ ನೋಡಿ, ನನ್ನ ಹಾಗೆ ರೆಸಾರ್ಟ್‌ನಲ್ಲಿ ನೋಡಬೇಡಿ. ಕೇಂದ್ರದ ಪಿಎಂಕೆವಿವೈ (ಪ್ರಧಾನ ಮಂತ್ರಿ ಕೌಶಲ ವಿಕಾಸ ಯೋಜನೆ) ತರಬೇತಿಗೆ ಫೀಸೇ ಇಲ್ಲ, ಅದರ ಹೆಸರು ಹೇಳಿ ಫೀಸು ಕೇಳಿದರೆ ಎದ್ದು ಬನ್ನಿ. ನಾನು ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೇನೆ. ಹಳದಿ ಚೀಟಿ, ಫೋನ್‌ಪೇ ಸ್ಕ್ರೀನ್‌ಶಾಟ್ ಎಲ್ಲ ಇಟ್ಟುಕೊಂಡಿದ್ದೇನೆ. ಅದೇ ಬ್ಯಾಚಿನವರು ಯಾರಾದರೂ ಇದನ್ನು ಓದುತ್ತಿದ್ದರೆ ನೀವೂ ಕೊಡಿ. ಅವತ್ತು ನಕ್ಕವರೂ ಕೊಡಿ, ನನಗೇನೂ ಬೇಜಾರಿಲ್ಲ.

ಕಿಟ್ ಅಂತ ಕೊಟ್ಟಿದ್ದು ಆರು ಬಾಟಲಿ "ಆಯುರ್ವೇದ" ಎಣ್ಣೆ. ಲೈಸೆನ್ಸ್ ನಂಬರಿಲ್ಲ, ಬ್ಯಾಚ್ ನಂಬರಿಲ್ಲ, ಯಾವಾಗ ಮಾಡಿದ್ದು ಅಂತಲೂ ಇಲ್ಲ. ಒಬ್ಬ ಬಾಣಂತಿಗೂ ನಾನು ಅದನ್ನು ಮುಟ್ಟಿಸಿಲ್ಲ. ಹೋದ ವಾರ ಚಿಕ್ಕಮ್ಮ ಬಂದಿದ್ದಳು. ಮುಚ್ಚಳ ತೆಗೆದು ಮೂಸಿ, "ಎಂಥ ಮಾರಾಯ್ತಿ ಇದು, ಎಳ್ಳಿನ ವಾಸನೆಯೇ ಇಲ್ಲ" ಅಂದವಳು ಬಚ್ಚಲು ಬಾಗಿಲಿನ ತಿರುಗಣಿಗೆ ನಾಲ್ಕು ಹನಿ ಬಿಟ್ಟಳು. ಬಾಗಿಲು ಕಿರುಗುಟ್ಟುವುದು ನಿಂತಿದೆ. ಇನ್ನೂ ಹೆಚ್ಚುಕಡಿಮೆ ಆರೂ ಬಾಟಲಿ ಹಾಗೇ ಇದೆ, ಯಾರ ಮನೆ ಬಾಗಿಲಿಗಾದರೂ ಬೇಕಿದ್ದರೆ ಹೇಳಿ.