ಪ್ರೊಜೆಕ್ಟರೋ, ಚಾರ್ಟೋ, ಕೈಚೀಟಿಯೋ: ಇಂಗ್ಲಿಷ್ ಕಲಿಯುವವರಿಗೆ ಪ್ರೆಸೆಂಟೇಷನ್ ಕಲಿಸಲು ಯಾವುದು ವಾಸಿ?

ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಪಿಯುಸಿ, ಡಿಗ್ರಿ ಮಕ್ಕಳಿಗೆ ಇಂಗ್ಲಿಷಿನಲ್ಲಿ ಪ್ರೆಸೆಂಟೇಷನ್ ಕೊಡುವುದನ್ನು ಕಲಿಸಬೇಕು, ಅದಕ್ಕೆ ಪ್ರೊಜೆಕ್ಟರ್ ತಗೊಳ್ಳೋಣವೇ ಎಂದು ಕೇಳುವ ಮೇಷ್ಟ್ರುಗಳಿಗೆ ಮೊದಲೇ ಹೇಳಿಬಿಡುತ್ತೇನೆ: ಮೊದಲ ಎರಡು ತಿಂಗಳು ಬೇಡ. ಮಾತಿನ ಮುಖ್ಯ ಪದಗಳನ್ನು ಬರೆದು ಕೈಯಲ್ಲಿ ಹಿಡಿಯಲು ಐದು ದಪ್ಪ ಚೀಟಿ, ಒಂದು ಬಾಲ್ ಪೆನ್ ಸಾಕು. ಶಿವಮೊಗ್ಗ, ತೀರ್ಥಹಳ್ಳಿ ಕಡೆಯ ತರಗತಿಗಳಲ್ಲಿ ಮೂರನ್ನೂ ಬಳಸಿ ನೋಡಿದ ಮೇಲೆ ಹೇಳುತ್ತಿರುವ ಮಾತಿದು.

ಪ್ರೊಜೆಕ್ಟರಿನ ದೊಡ್ಡ ತೊಡಕು ದುಡ್ಡಲ್ಲ, ಕರೆಂಟೂ ಅಲ್ಲ. ಮಾತಾಡುವ ಹುಡುಗಿ ಗೋಡೆಗೆ ತಿರುಗಿಬಿಡುತ್ತಾಳೆ. ಕಲಿಯುತ್ತಿರುವ ಭಾಷೆಯಲ್ಲಿ ಮಾತಾಡುವವರಿಗೆ ಮುಂದಿನ ಪದ ಬಾಯಿಗೆ ಬರದಿದ್ದರೆ ಎಂಬ ಭಯ ಪ್ರತಿ ವಾಕ್ಯಕ್ಕೂ ಇರುತ್ತದೆ. ಆ ಪದ ಗೋಡೆಯ ಮೇಲೆ ಕಾಣುತ್ತಿದ್ದರೆ ಕಣ್ಣು ಅಲ್ಲಿಗೇ ಹೋಗುತ್ತದೆ, ಕಣ್ಣಿನ ಹಿಂದೆ ಮುಖ, ಮುಖದ ಹಿಂದೆ ಭುಜ. ಅರ್ಧ ನಿಮಿಷದೊಳಗೆ ಬೆನ್ನು ತರಗತಿಗೆ, ದನಿ ಗೋಡೆಗೆ. ಜುಲೈಯಲ್ಲಿ ತಗಡಿನ ಮಾಡಿನ ಮೇಲೆ ಮಳೆ ಸುರಿಯುತ್ತಿದ್ದರೆ ಎರಡನೇ ಬೆಂಚಿಗೂ ಏನೂ ಕೇಳುವುದಿಲ್ಲ.

ಕೇಳಿದರೂ ಅದು ಮಾತಿನ ದನಿಯಾಗಿರುವುದಿಲ್ಲ, ಓದುವ ದನಿ. ಎಲ್ಲ ಪದಕ್ಕೂ ಒಂದೇ ಒತ್ತು. ಉಸಿರು ನಿಲ್ಲುವುದು ಅರ್ಥ ಮುಗಿದಲ್ಲಿ ಅಲ್ಲ, ಸಾಲು ಮುಗಿದಲ್ಲಿ. ‘ನಟ್’ ಅನ್ನುವುದು ‘ನಟ್ಟು’ ಆಗುವ ನಮ್ಮ ಅಭ್ಯಾಸವೂ ಒಂದೊಂದೇ ಪದ ಬಿಡಿಸಿ ಓದುವಾಗ ಜೋರಾಗುತ್ತದೆ. ಪದಗಳನ್ನು ಕೂಡಿಸಿ ಮಾತಾಡಿದಾಗ ಆ ಕೊನೆಯ ಉಕಾರ ತಾನಾಗಿಯೇ ಕಮ್ಮಿಯಾಗುತ್ತದೆ.

ಇದಕ್ಕೆ ಪರಿಹಾರ ಇಲ್ಲವೆಂದಲ್ಲ. ಲ್ಯಾಪ್‌ಟಾಪನ್ನು ಮಾತಾಡುವವರ ಎದುರಿಗೆ ಇಡಿ, ಹಿಂದೆ ತಿರುಗುವ ಅಗತ್ಯ ತಪ್ಪುತ್ತದೆ. ಸ್ಲೈಡಿಗೆ ಒಂದು ಚಿತ್ರ, ಹೆಚ್ಚೆಂದರೆ ಆರು ಪದ. ಪವರ್‌ಪಾಯಿಂಟಿನಲ್ಲಿ ಸ್ಲೈಡ್ ಶೋ ನಡೆಯುವಾಗ ‘ಬಿ’ ಕೀ ಒತ್ತಿದರೆ ಪರದೆ ಕಪ್ಪಾಗುತ್ತದೆ, ಇನ್ನೊಮ್ಮೆ ಒತ್ತಿದರೆ ವಾಪಸ್ ಬರುತ್ತದೆ. ಇಷ್ಟು ಮಾಡಿದರೆ ಅರ್ಧ ತೊಂದರೆ ಹೋಯಿತು. ಆದರೆ ಸ್ಲೈಡಿನಿಂದ ಪದ ತೆಗೆದ ಕೂಡಲೇ ಮಕ್ಕಳು ಪೂರ್ತಿ ಬಾಯಿಪಾಠ ಮಾಡಿಕೊಂಡು ಬರಲು ಶುರುಮಾಡುತ್ತಾರೆ. ಬಾಯಿಪಾಠದಲ್ಲಿ ಒಂದು ಪದ ಜಾರಿದರೆ ಮುಂದಿನದೆಲ್ಲ ಜಾರುತ್ತದೆ, ಮತ್ತೆ ಮೊದಲಿಂದ ಹೇಳಬೇಕು.

ಹೊತ್ತಿನ ಲೆಕ್ಕವನ್ನೂ ನೋಡಿ. 24 ಮಕ್ಕಳು, ತಲಾ 3 ನಿಮಿಷ ಎಂದರೆ 72 ನಿಮಿಷ. ಪೆನ್‌ಡ್ರೈವ್ ಚುಚ್ಚಿ ಫೈಲ್ ತೆರೆಯಲು ತಲಾ 2 ನಿಮಿಷ ಹಿಡಿದರೆ ಇನ್ನೂ 48 ನಿಮಿಷ. ಅಷ್ಟು ಹೊತ್ತೂ ಒಬ್ಬರು ಮಾತಾಡುತ್ತಾರೆ, 23 ಜನ ಸುಮ್ಮನೆ ಕೂರುತ್ತಾರೆ.

ಕೊಳ್ಳಲೇಬೇಕೆಂದರೆ ಡಬ್ಬಿಯ ಮೇಲಿನ ಬರೀ ‘ಲ್ಯೂಮೆನ್’ (ಬೆಳಕಿನ ಅಳತೆ) ಸಂಖ್ಯೆ ನಂಬಬೇಡಿ, ಗೊತ್ತಾದ ಮಾನದಂಡದಂತೆ ಅಳೆದ ‘ಆನ್ಸಿ ಲ್ಯೂಮೆನ್’ ಎಷ್ಟು ಎಂದು ಕೇಳಿ. ಅಗ್ಗದ ಎಲ್‌ಇಡಿ ಪ್ರೊಜೆಕ್ಟರ್‌ಗಳ ಬೆಳಕು ಸಾಲದೆ ಕಿಟಕಿ ಮುಚ್ಚಬೇಕಾಗುತ್ತದೆ, ಆಗ ಮಾತಾಡುವವರ ಮುಖವೇ ಕಾಣುವುದಿಲ್ಲ.

ಚಾರ್ಟ್ ಪೇಪರ್ ಚಿತ್ರ, ನಕ್ಷೆಗೆ ಒಳ್ಳೆಯದು. ಮಳೆಗಾಲದ ಥಂಡಿಗೆ ಮೆತ್ತಗಾಗಿ ಜೋಲುತ್ತದೆ, ಒದ್ದೆ ಗೋಡೆಗೆ ಟೇಪ್ ಹಿಡಿಯುವುದಿಲ್ಲ. ಹಗ್ಗ ಕಟ್ಟಿ ಬಟ್ಟೆ ಕ್ಲಿಪ್ಪು ಹಾಕಿ ನೇತುಹಾಕಿ.

ಇನ್ನು ಕೈಚೀಟಿ. ಹಳೆಯ ಲಗ್ನಪತ್ರಿಕೆಗಳ ಖಾಲಿ ಬದಿಯನ್ನು 3 ಇಂಚು, 5 ಇಂಚಿಗೆ ಕತ್ತರಿಸಿದರೆ ಆಯಿತು. ದಪ್ಪ ಕಾಗದವೇ ಬೇಕು: ತೆಳು ಹಾಳೆಯಾದರೆ ಕೈ ನಡುಗುವುದು ಹಾಳೆಯಲ್ಲಿ ಎದ್ದು ಕಾಣುತ್ತದೆ, ಅದನ್ನು ಕಂಡು ಮಾತಾಡುವವರ ಭಯ ಇನ್ನೂ ಹೆಚ್ಚುತ್ತದೆ. ಸ್ಕೆಚ್ ಪೆನ್ ಬೇಡ, ಥಂಡಿಗೆ ಹರಡುತ್ತದೆ. ಮೂಲೆಯಲ್ಲಿ ನಂಬರ್ ಹಾಕಿಸಿ, ತೂತು ಮಾಡಿ ದಾರ ಕಟ್ಟಿಸಿ. ಕೈತಪ್ಪಿ ಬಿದ್ದರೂ ಕ್ರಮ ಕೆಡುವುದಿಲ್ಲ.

ಒಂದು ಚೀಟಿಗೆ ಹೆಚ್ಚೆಂದರೆ ಐದು ಪದ. ಇದನ್ನು ಎಣಿಸಿ ನೋಡಲೇಬೇಕು, ಇಲ್ಲದಿದ್ದರೆ ಸಣ್ಣ ಅಕ್ಷರದಲ್ಲಿ ಇಡೀ ವಾಕ್ಯ ತುಂಬಿಸಿಕೊಂಡು ಬರುತ್ತಾರೆ. ಕ್ರಿಯಾಪದ ಇರಲಿ, ‘ದ’, ‘ಆಫ್’, ‘ಈಸ್’ ಬೇಡ. ಅವನ್ನು ಮಾತಾಡುವಾಗ ಅವರೇ ಸೇರಿಸಬೇಕು, ಕಲಿಕೆ ಆಗುವುದೇ ಅಲ್ಲಿ. ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಕೆಂಪಡಿಕೆಯ ಕೆಲಸವನ್ನೇ ತೆಗೆದುಕೊಳ್ಳಿ: ಕೊಯ್ಲು, ಸುಲಿಯುವುದು, ಬೇಯಿಸುವುದು, ಒಣಗಿಸುವುದು, ಆರಿಸುವುದು. ಐದು ಹಂತ, ಐದು ಚೀಟಿ. ಮೂರನೆಯದರಲ್ಲಿ ಇರುವುದು ‘ಬಾಯಿಲ್ಡ್, ಚೊಗರು, ರೆಡ್, ಸಾಫ್ಟ್’ ಇಷ್ಟೇ. ಚೊಗರಿಗೆ ಇಂಗ್ಲಿಷ್ ಪದವಿಲ್ಲ. ಹಿಂದಿನ ಸಲ ಅಡಿಕೆ ಬೇಯಿಸಿ ಉಳಿದ ಗಟ್ಟಿ ಕೆಂಪು ನೀರು, ಹೊಸ ಅಡಿಕೆಗೆ ಬಣ್ಣ ಬರಲು ಹಾಕುತ್ತಾರೆ ಎಂದು ವಿದ್ಯಾರ್ಥಿ ತನಗೆ ಗೊತ್ತಿರುವ ಸರಳ ಇಂಗ್ಲಿಷಿನಲ್ಲೇ ಬಿಡಿಸಿ ಹೇಳಬೇಕು. ಹೇಳುವಾಗ ಕಣ್ಣು ಚೀಟಿಯಲ್ಲಿ ಇರುವುದಿಲ್ಲ, ಎದುರಿಗಿರುವವರಿಗೆ ಅರ್ಥವಾಯಿತೋ ಇಲ್ಲವೋ ಎಂದು ಮುಖ ನೋಡುತ್ತಿರುತ್ತದೆ. ಪ್ರೆಸೆಂಟೇಷನ್ ಎಂದರೆ ಅದೇ.

ಚೀಟಿ ಗೆಲ್ಲುವುದು ಮುಖ್ಯವಾಗಿ 4/3/2 ಅಭ್ಯಾಸದಲ್ಲಿ. 1983ರಲ್ಲಿ ಕೀತ್ ಮಾರಿಸ್ ಬರೆದ, ಆಮೇಲೆ ಭಾಷಾ ಕಲಿಕೆಯ ವಿದ್ವಾಂಸ ಪಾಲ್ ನೇಷನ್ ಹೆಸರುವಾಸಿ ಮಾಡಿದ ವಿಧಾನ ಇದು. ಒಂದೇ ವಿಷಯವನ್ನು ಒಬ್ಬ ಜೊತೆಗಾರನಿಗೆ 4 ನಿಮಿಷದಲ್ಲಿ ಹೇಳು, ಜೊತೆ ಬದಲಿಸಿ 3 ನಿಮಿಷದಲ್ಲಿ, ಮತ್ತೆ ಬದಲಿಸಿ 2 ನಿಮಿಷದಲ್ಲಿ. ಕೇಳುಗರು ಹೊಸಬರಾದ್ದರಿಂದ ಬೇಸರವಿಲ್ಲ, ವಿಷಯ ಹಳೆಯದಾದ್ದರಿಂದ ಮೂರನೇ ಸಲ ತಡವರಿಕೆ ಕಮ್ಮಿ. 12 ಜೋಡಿ ಒಟ್ಟಿಗೇ ನಡೆಸಬಹುದು. ಎರಡೂ ಕಡೆಯವರ ಸರದಿ ಸೇರಿ 18 ನಿಮಿಷ, ಪ್ರತಿಯೊಬ್ಬರೂ 9 ನಿಮಿಷ ಮಾತಾಡಿರುತ್ತಾರೆ. ಪ್ರೊಜೆಕ್ಟರ್ ಒಂದೇ ಇದ್ದರೆ ಇದು ಸಾಧ್ಯವೇ ಇಲ್ಲ. ಮಳೆಯ ಸದ್ದೂ ಇಲ್ಲಿ ಅನುಕೂಲವೇ: ಪಕ್ಕದ ಜೋಡಿಗೆ ಕೇಳಿಸದು ಎಂಬ ಧೈರ್ಯದಲ್ಲಿ ನಾಚಿಕೆಯ ಮಕ್ಕಳೂ ಬಾಯಿ ಬಿಡುತ್ತಾರೆ.

20 ಸ್ಲೈಡು, ತಲಾ 20 ಸೆಕೆಂಡಿನ ‘ಪೆಚಾ ಕುಚಾ’ ಎಂಬ ಪ್ರೆಸೆಂಟೇಷನ್ ಪದ್ಧತಿ ಶುರುವಿನವರಿಗೆ ಬೇಡ. ಸ್ಲೈಡ್ ತಾನಾಗಿಯೇ ಮುಂದೆ ಹೋಗುತ್ತದೆ, ಪದ ಹುಡುಕುತ್ತಿರುವ ಮಗು ಹಿಂದೆ ಉಳಿಯುತ್ತದೆ.

ಹಾಗಾದರೆ ಪ್ರೊಜೆಕ್ಟರ್ ಬೇಡವೇ ಬೇಡವೆ? ಕಾಲೇಜಿನ ಸೆಮಿನಾರಿಗೆ ಸ್ಲೈಡ್ ಕೇಳುತ್ತಾರೆ, ಆದ್ದರಿಂದ ಮೂರನೇ ತಿಂಗಳು ಬೇಕು. ಬಾಡಿಗೆಗೋ ಪಕ್ಕದ ಕಾಲೇಜಿನಿಂದಲೋ ಎರಡು ದಿನ ತಂದರೆ ಸಾಕು. ಅಷ್ಟರಲ್ಲಿ ಮಕ್ಕಳು ಚೀಟಿ ಹಿಡಿದು ನಾಲ್ಕು ಸಲ ಹೇಳಿ ಮುಗಿಸಿದ ಮಾತಿಗೇ ಚಿತ್ರ ಸೇರಿಸಲಿ, ಚೀಟಿ ಕೈಯಲ್ಲೇ ಇರಲಿ. ಕರೆಂಟ್ ಹೋದರೂ ಮಾತು ನಿಲ್ಲುವುದಿಲ್ಲ.