ಎಲ್298ಎನ್ ಮೋಟಾರ್ ಡ್ರೈವರ್: ಕಾರವಾರದ ಉಪ್ಪು ಗಾಳಿಯಲ್ಲಿ ಮೂರು ಮಳೆಗಾಲ

ಎಲ್298ಎನ್ ಎಂದರೆ ಆರ್ಡುಯಿನೊದಂಥ ಪುಟ್ಟ ಕಂಪ್ಯೂಟರ್ ಬೋರ್ಡು ಹೇಳಿದಂತೆ ಮೋಟಾರುಗಳಿಗೆ ಕರೆಂಟ್ ಕೊಡುವ ಬೋರ್ಡು. ನನ್ನದು 150 ರೂಪಾಯಿಗೆ ತಂದ ಕೆಂಪು ಬೋರ್ಡು, ಬೆನ್ನ ಮೇಲೆ ಬಿಸಿ ಹೊರಹಾಕುವ ಕಪ್ಪು ಹೀಟ್‌ಸಿಂಕ್. ಮೂರು ಮಳೆಗಾಲ ಕಳೆದರೂ ಸತ್ತಿಲ್ಲ. ಆದರೂ ಮಗಳ ಎರಡು ಚಕ್ರದ ರೋಬೋಟ್ ಗಾಡಿಯಿಂದ ಇದನ್ನು ಬಿಚ್ಚಿ ತೆಗೆದಿದ್ದೇನೆ.

ಕಾರಣ, ಇದು ವೋಲ್ಟೇಜ್ ನುಂಗುತ್ತದೆ. ಒಳಗಿರುವುದು ಹಳೆಯ ಬೈಪೋಲಾರ್ ಟ್ರಾನ್ಸಿಸ್ಟರ್‌ಗಳ ಎಚ್-ಬ್ರಿಡ್ಜ್, ಅಂದರೆ ಮೋಟಾರನ್ನು ಹಿಂದೆ-ಮುಂದೆ ತಿರುಗಿಸುವ ಸರ್ಕ್ಯೂಟ್. ಎರಡು 18650 ಲಿಥಿಯಂ ಸೆಲ್ಲುಗಳಿಂದ 7.6 ವೋಲ್ಟ್ ಬರುತ್ತಿದ್ದಾಗ ಮೋಟಾರಿನ ತುದಿಯಲ್ಲಿ ಮೀಟರ್ ಹಿಡಿದರೆ 5.7! ಉಳಿದದ್ದೆಲ್ಲ ಹೀಟ್‌ಸಿಂಕಿನ ಬಿಸಿಯಾಗಿ ಹೋಯಿತು. ಬ್ಯಾಟರಿ ಸ್ವಲ್ಪ ಇಳಿದರೆ ಆರ್ಡುಯಿನೊಗೆ ಪವರ್ ಕೊಡುವ ಬೋರ್ಡಿನ 5 ವೋಲ್ಟ್ ರೆಗ್ಯುಲೇಟರೂ ಸೋಲುತ್ತದೆ, ಗಾಡಿ ತಿರುಗುವ ಹೊತ್ತಿಗೇ ಆರ್ಡುಯಿನೊ ರೀಸೆಟ್ ಆಗುತ್ತದೆ. ಪ್ರೋಗ್ರಾಂನಲ್ಲಿ ತಪ್ಪಿದೆ ಎಂದುಕೊಂಡು ಮಗಳು ಎರಡು ಭಾನುವಾರ ಕೋಡ್ ತಿದ್ದಿದಳು. ಆ ಎರಡು ಭಾನುವಾರಗಳ ಬಗ್ಗೆ ನನಗೆ ಈಗಲೂ ಬೇಸರವಿದೆ.

ಈಗ ಆ ಗಾಡಿಯಲ್ಲಿರುವುದು ಟಿಬಿ6612ಎಫ್‌ಎನ್‌ಜಿ ಎಂಬ ಇನ್ನೊಂದು ಮೋಟಾರ್ ಡ್ರೈವರ್. ಇದು ಮಾಸ್‌ಫೆಟ್ ಎಂಬ ಹೊಸ ಬಗೆಯ ಟ್ರಾನ್ಸಿಸ್ಟರಿನ ಚಿಪ್, ನಷ್ಟ ತೀರಾ ಕಡಿಮೆ. ಅದೇ ಸೆಲ್ಲಿಗೆ ಗಾಡಿ ಎಷ್ಟು ಚುರುಕಾಯಿತೆಂದರೆ ಬಿಓ ಮೋಟಾರಿಗೆ (ಹಳದಿ ಪ್ಲಾಸ್ಟಿಕ್ ಗೇರಿನ ಅಗ್ಗದ ಮೋಟಾರ್) ಸರಾಸರಿ 6 ವೋಲ್ಟ್ ಮೀರದಿರಲೆಂದು ವೇಗ ನಿಯಂತ್ರಿಸುವ ಪಿಡಬ್ಲ್ಯೂಎಂ ಅನ್ನು ಗರಿಷ್ಠ 255ರ ಬದಲು 200ಕ್ಕೇ ನಿಲ್ಲಿಸಬೇಕಾಯಿತು.

ಹಾಗೆಂದು ಎಲ್298ಎನ್ ಅನ್ನು ಎಸೆದಿಲ್ಲ. ಕಾರವಾರದ ಟಾಗೋರ್ ಕಡಲತೀರದ ಮರಳಿನಲ್ಲಿ ನಾಲ್ಕು ಚಕ್ರದ ಗಾಡಿ ಬಿಟ್ಟಾಗ ಇದರ ಗಟ್ಟಿತನ ತಿಳಿಯಿತು. ಮರಳಲ್ಲಿ ಚಕ್ರ ಹೂತರೆ ಮೋಟಾರ್ ನಿಂತಲ್ಲೇ ಕರೆಂಟ್ ಎಳೆಯುತ್ತದೆ. ಒಂದು ಚಾನೆಲಿಗೆ (ಡ್ರೈವರಿನ ಎರಡು ಔಟ್‌ಪುಟ್‌ಗಳಲ್ಲಿ ಒಂದು) ಎರಡೆರಡು ಮೋಟಾರ್ ಕಟ್ಟಿದ್ದರಿಂದ 1.2 ಆಂಪ್‌ನ ಟಿಬಿ6612 ಬಿಸಿಯಾಗಿ ತಾನೇ ಆಫ್ ಆಗುತ್ತಿತ್ತು. ಚಾನೆಲಿಗೆ 2 ಆಂಪ್ ತಾಳುವ ಎಲ್298ಎನ್ ಎಳೆದುಕೊಂಡು ಹೋಯಿತು. ಅದಕ್ಕೆ ಮೂರು ಸೆಲ್ ಹಾಕಿದ್ದೇನೆ. ಪೂರ್ತಿ ಚಾರ್ಜಿನಲ್ಲಿ 12.6 ವೋಲ್ಟ್ ಆಗುವುದರಿಂದ ರೆಗ್ಯುಲೇಟರಿನ ಜಂಪರ್ (ಎರಡು ಪಿನ್ ಸೇರಿಸುವ ಪುಟ್ಟ ಟೋಪಿ) ತೆಗೆದು, ಆರ್ಡುಯಿನೊಗೆ ಬೇರೆ ಪವರ್ ಕೊಟ್ಟಿದ್ದೇನೆ. ಆಗ ಎಲ್298ಎನ್ ಬೋರ್ಡಿನ 5 ವೋಲ್ಟ್ ಟರ್ಮಿನಲ್ಲಿಗೂ ಆರ್ಡುಯಿನೊದ 5 ವೋಲ್ಟ್ ಕೊಡಬೇಕು, ಎರಡರ ಗ್ರೌಂಡ್ ಸೇರಿರಲೇಬೇಕು.

ನಮ್ಮ ಊರಿನ ಗಾಳಿಗೆ ಸೋತದ್ದು ಚಿಪ್ ಅಲ್ಲ, ಸ್ಕ್ರೂ ಟರ್ಮಿನಲ್. ಎರಡನೇ ಮಳೆಗಾಲದಲ್ಲಿ ಅದರೊಳಗೆ ಹಸಿರು ಕಿಲುಬು ಹಿಡಿದು ಎಡ ಚಕ್ರ ಬಿಟ್ಟುಬಿಟ್ಟು ತಿರುಗುತ್ತಿತ್ತು. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ವೈರಿನ ತುದಿ ಹೊಸದಾಗಿ ಸುಲಿದೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಬೋರ್ಡುಗಳು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿರುತ್ತವೆ.

ಸಣ್ಣ ಗಾಡಿಗಾದರೆ ಟಿಬಿ6612 ಕೊಳ್ಳಿ. ಅದರ ಎಸ್‌ಟಿಬಿವೈ (ಸ್ಟ್ಯಾಂಡ್‌ಬೈ) ಪಿನ್ನನ್ನು 5 ವೋಲ್ಟಿಗೆ ಜೋಡಿಸಿ, ಇಲ್ಲದಿದ್ದರೆ ಮೋಟಾರ್ ಮಿಸುಕುವುದೇ ಇಲ್ಲ.