ಸ್ಟೀಲ್ ಪೆಗ್ ಮೆಷರ್: ವಿಸ್ಕಿಗೆ ಸರಿ, ಬಿಯರಿಗೆ ಲೆಕ್ಕ ಬೇರೆ

ಪಾತ್ರೆ ಅಂಗಡಿಯಲ್ಲೂ ಆನ್‌ಲೈನಲ್ಲೂ ನೂರಿನ್ನೂರು ರೂಪಾಯಿಗೆ ಸಿಗುವ ಸ್ಟೀಲ್ ಪೆಗ್ ಮೆಷರ್ ಇದು. ಒಂದು ಬದಿ 30 ಮಿ.ಲೀ., ತಿರುವಿದರೆ 60. ಮನೆಯಲ್ಲಿ ಕುಡಿಯುವವರು ಧಾರಾಳವಾಗಿ ಕೊಳ್ಳಬಹುದು. ಕಣ್ಣಂದಾಜಿನಲ್ಲಿ ಲೋಟಕ್ಕೆ ಸುರಿದ 'ಒಂದು ಪೆಗ್' 30 ಮಿ.ಲೀ.ಗೆ ನಿಲ್ಲುವುದು ಅಪರೂಪ, ಲೋಟ ಅಗಲವಾಗಿದ್ದರಂತೂ ಕೇಳುವುದೇ ಬೇಡ.

30ರ ಬದಿಗೆ ಬೆಲೆ ಬಂದಿರುವುದು ಒಂದು ಕಾಕತಾಳೀಯದಿಂದ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಒಂದು ಸ್ಟ್ಯಾಂಡರ್ಡ್ ಡ್ರಿಂಕ್ ಅಂದರೆ 10 ಗ್ರಾಂ ಶುದ್ಧ ಆಲ್ಕೋಹಾಲ್. ನಮ್ಮಲ್ಲಿ ಮಾರುವ ವಿಸ್ಕಿ, ರಮ್, ಬ್ರಾಂದಿಯ ಲೇಬಲ್ ಮೇಲೆ ಸಾಮಾನ್ಯವಾಗಿ ಇರುವುದು ಶೇ. 42.8 ಆಲ್ಕೋಹಾಲ್. ಒಂದು ಮಿ.ಲೀ. ಆಲ್ಕೋಹಾಲ್ ತೂಗುವುದು 0.789 ಗ್ರಾಂ. 30 × 0.428 × 0.789 ಮಾಡಿದರೆ 10.1 ಗ್ರಾಂ. ಅಂದರೆ 30ರ ಸಣ್ಣ ಪೆಗ್ ಒಂದು ಡ್ರಿಂಕ್, 60ರ ಲಾರ್ಜ್ ಎರಡು, ಟೆಟ್ರಾ ಪ್ಯಾಕಿನ ನೈಂಟಿ ಮೂರು, 180ರ ಕ್ವಾರ್ಟರ್ ಆರು. ಸೋಡಾ, ನೀರು, ಐಸ್ ಎಷ್ಟು ಹಾಕಿದರೂ ಈ ಎಣಿಕೆ ಇಳಿಯುವುದಿಲ್ಲ.

ಎಣಿಕೆ ತಪ್ಪುವುದು ಬಿಯರಿನಲ್ಲಿ. 650 ಮಿ.ಲೀ. ಬಾಟಲಿ ಶೇ. 5ರದ್ದಾದರೆ ಎರಡೂವರೆ ಡ್ರಿಂಕ್, ಶೇ. 8ರ ಸ್ಟ್ರಾಂಗ್ ಆದರೆ ನಾಲ್ಕು. 'ಒಂದೇ ಬಿಯರ್ ಕುಡಿದೆ' ಅನ್ನುವವರು ಎರಡು ಲಾರ್ಜ್ ಮುಗಿಸಿರುತ್ತಾರೆ. ಶೇ. 13ರ ವೈನ್ 150 ಮಿ.ಲೀ. ಸುರಿದರೆ ಒಂದೂವರೆ. ಇಲ್ಲೆಲ್ಲ ಮೆಷರಿಗೆ ಕೆಲಸವಿಲ್ಲ, ಲೇಬಲ್ ನೋಡಿ ಗುಣಿಸಿಕೊಳ್ಳಬೇಕು. ಫೋನಿನ ಆ್ಯಪ್ ಬಳಸುವವರು ದೇಶದ ಸೆಟ್ಟಿಂಗ್ ನೋಡಿಕೊಳ್ಳಿ: ಅಮೆರಿಕದ ಡ್ರಿಂಕ್ 14 ಗ್ರಾಂ, ಬ್ರಿಟನ್ನಿನ ಯೂನಿಟ್ 8 ಗ್ರಾಂ. ಅಮೆರಿಕದ ಲೆಕ್ಕ ಹಾಕಿಟ್ಟರೆ ಲಾರ್ಜ್ ಕೂಡ ಒಂದೂವರೆಗೆ ಇಳಿದು ಕುಡಿಯುವವನಿಗೆ ಖುಷಿ ಕೊಡುತ್ತದೆ!

ಇನ್ನು ಮೆಷರಿನ ವಿಷಯ. ಬಾರಿನಲ್ಲಿ ಬಳಸುವುದಕ್ಕೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬೇಕು. ಮನೆಗೆ ತರುವುದಕ್ಕೆ ಅದಿಲ್ಲ, ಹಾಗಾಗಿ ನಾವೇ ಪರೀಕ್ಷಿಸಬೇಕು. ಅಡುಗೆಮನೆಯ ಡಿಜಿಟಲ್ ತಕ್ಕಡಿ ಮೇಲೆ ಖಾಲಿ ಮೆಷರ್ ಇಟ್ಟು ಸೊನ್ನೆ ಮಾಡಿ ನೀರು ತುಂಬಿ. 30ರ ಬದಿ 30 ಗ್ರಾಂ ತೋರಿಸಬೇಕು. ವಿಸ್ಕಿಯಿಂದ ಪರೀಕ್ಷಿಸಬೇಡಿ, 30 ಮಿ.ಲೀ. ವಿಸ್ಕಿ ತೂಗುವುದೇ 28 ಗ್ರಾಂ ಆಸುಪಾಸು, ಸುಮ್ಮನೆ ಮೆಷರ್ ಮೇಲೆ ಅನುಮಾನ ಬರುತ್ತದೆ. ತಕ್ಕಡಿ ಇಲ್ಲದಿದ್ದರೆ ಮೆಡಿಕಲ್ ಶಾಪಿನ 10 ಮಿ.ಲೀ. ಸಿರಿಂಜಿನಿಂದ ಮೂರು ಸಲ ನೀರು ಹಾಕಿ. ಕಂಠಮಟ್ಟ ತುಂಬಿದಾಗ 30 ಆಗುತ್ತದೋ, ಒಳಗೆರೆಯವರೆಗೆ 30 ಆಗುತ್ತದೋ ಎಂಬುದೂ ಆಗಲೇ ಗೊತ್ತಾಗುತ್ತದೆ. ಒಳಗೆ ಗೆರೆ ಇದ್ದೂ ಅಂಚಿನವರೆಗೆ ತುಂಬುವವರು ಪ್ರತಿ ಪೆಗ್ಗಿಗೂ ಐದಾರು ಮಿ.ಲೀ. ಹೆಚ್ಚು ಕುಡಿಯುತ್ತಿರಬಹುದು.

ಆಕಾರದಲ್ಲಿ ಉದ್ದನೆಯ, ಬಾಯಿ ಕಿರಿದಾದದ್ದೇ ಮೇಲು. ಬಾಯಿ 45 ಮಿ.ಮೀ. ಅಗಲವಿದ್ದರೆ ಒಂದು ಮಿ.ಮೀ. ಎತ್ತರ ಹೆಚ್ಚುಕಮ್ಮಿಯಾದರೂ 1.6 ಮಿ.ಲೀ. ವ್ಯತ್ಯಾಸ, 30 ಮಿ.ಮೀ. ಬಾಯಿಯಾದರೆ 0.7 ಅಷ್ಟೆ. ಗಂಟೆಯಂತೆ ಅರಳಿದ ಮಾದರಿ ಫೋಟೋಗೆ ಚಂದ, ಅಳತೆಗೆ ಬೇಡ. ಕೆಲವು ಪೆಟ್ಟಿಗೆಗಳ ಮೇಲೆ 25/50 ಎಂದಿರುತ್ತದೆ. ಅದು ಬ್ರಿಟನ್ನಿನ ಬಾರುಗಳ ಅಳತೆ, ನಮ್ಮ ಪೆಗ್ಗಿಗೆ ಹೊಂದುವುದಿಲ್ಲ.

ಕೊಳ್ಳುವಾಗ ನಡುವಿನ ಬೆಸುಗೆಯನ್ನು ಬೆರಳಿನಿಂದ ಸವರಿ ನೋಡಿ. ಬೆಸುಗೆ ಸಡಿಲವಿದ್ದರೆ ತೊಳೆದ ನೀರು ಎರಡು ಬಟ್ಟಲುಗಳ ನಡುವಿನ ಟೊಳ್ಳಿಗೆ ಇಳಿದು ವಾಸನೆ ಹಿಡಿಯುತ್ತದೆ. ಅಲ್ಲಾಡಿಸಿದಾಗ ಒಳಗೆ ಗುಳುಗುಳು ಅಂದರೆ ಅಂಗಡಿಗೆ ವಾಪಸ್ ಕೊಡಿ.